ಮಂಡಿಯಲ್ಲಿ ನಿಂತುಹೋದ ಪಂಪು

ನಮ್ಮ ಕಂಪನಿಯ ಮುಖ್ಯಸ್ಥನಿಗೆ ಮನುಷ್ಯರ ಹೊಟ್ಟೆಯೊಳಗಿನದೆಲ್ಲ ಗೊತ್ತಿತ್ತು. ಹೊರಗಿನದು ಒಂದೂ ಗೊತ್ತಿರಲಿಲ್ಲ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವವರಿಗಾಗಿ ನಾವು ಪುಟ್ಟ ಪಂಪೊಂದನ್ನು ಮಾಡುತ್ತಿದ್ದೆವು. ಚರ್ಮದ ಕೆಳಗೆ ಕೂರಿಸಿ ಹೊಲಿದರೆ, ಅದು ಹೊಟ್ಟೆಯ ನೀರನ್ನು ಸ್ವಲ್ಪಸ್ವಲ್ಪವೇ ಮೂತ್ರಕೋಶಕ್ಕೆ ತಳ್ಳುತ್ತದೆ. ಮೂತ್ರಕೋಶ ತುಂಬಿದರೆ ತಾನೇ ನಿಲ್ಲುತ್ತದೆ, ಖಾಲಿ ಮಾಡಿದರೆ ಮತ್ತೆ ಓಡುತ್ತದೆ. ರೋಗಿಯ ನಿದ್ದೆ ಕೆಡಬಾರದು, ಹಗಲಷ್ಟೇ ಓಡಲಿ ಎಂದು ಮೀಟಿಂಗಿನಲ್ಲಿ ತೀರ್ಮಾನಿಸಿದರು. ನನ್ನೊಬ್ಬಳನ್ನು ಬಿಟ್ಟರೆ ಅಲ್ಲಿದ್ದವರೆಲ್ಲ ಗಂಡಸರು; ಒಂದು ಗೋಡೆ ಕಂಡರೆ ಸಾಕು ಅವರಿಗೆ.

ನಾನು ಕಡೂರಿನವಳು. ಬಸ್ಸು ಹತ್ತುವ ದಿನ ನೀರು ಕುಡಿಯಬೇಡ ಎಂದು ಅಮ್ಮ ಹೇಳಿಯೇ ಬೆಳೆಸಿದ್ದು. ಕೆಲಸಕ್ಕೆ ಹೋಗುವ ಹೆಂಗಸರು ಸಂಜೆಯವರೆಗೆ ಮೂತ್ರ ತಡೆದುಕೊಂಡೇ ಇರುತ್ತಾರೆ ಎಂದು ಆ ಮೀಟಿಂಗಿನಲ್ಲೇ ಹೇಳಿದೆ. ಅಂಥ ಸಣ್ಣ ವಿಷಯಕ್ಕೆಲ್ಲ ಡಿಸೈನ್ ಬದಲಿಸಲಾಗದು ಎಂದು ಮುಖ್ಯಸ್ಥ ನಕ್ಕ. ಥೂ, ಸಣ್ಣ ವಿಷಯವಂತೆ!

ಅಜ್ಜಂಪುರದ ಮಂಡಿಯೊಂದರಲ್ಲಿ ಈರುಳ್ಳಿ ಆಯುವ ಹೆಂಗಸಿಗೆ ಪಂಪು ಹಾಕಿದರು. ಎಂದೋ ಬಂದ ಕಾಮಾಲೆ ಅವಳ ಲಿವರ್ ತಿಂದುಹಾಕಿತ್ತು. ಅಲ್ಲಿಯವರೆಗೆ ಶಿವಮೊಗ್ಗಕ್ಕೆ ಹೋಗಿ ಸೂಜಿಯಿಂದ ನೀರು ತೆಗೆಸಿಕೊಂಡು, ಬಂದು ಮಲಗಿಬಿಡುತ್ತಿದ್ದಳು. ಪಂಪು ಹಾಕಿದ ಮೇಲೆ ಚೇತರಿಸಿಕೊಂಡು ಮಂಡಿಗೆ ಮರಳಿದಳು. ಮರಳಿದ್ದೇ ತಡ, ಹೊಟ್ಟೆ ಮತ್ತೆ ಉಬ್ಬತೊಡಗಿತು. ಪರೀಕ್ಷಿಸಿದರೆ ಪಂಪು ಹಗಲೆಲ್ಲ ನಿಂತೇ ಇರುತ್ತಿತ್ತು. ರೋಗಿ ಸಹಕರಿಸುತ್ತಿಲ್ಲ, ತೆಗೆಸಿಬಿಡೋಣ ಎಂದ ನಮ್ಮ ಮಹಾನುಭಾವ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನನ್ನ ಕಾಟ ತಾಳಲಾರದೆ ಅವಳನ್ನು ನೋಡಲು ಅವನೇ ನನ್ನನ್ನೂ ಕರೆದುಕೊಂಡು ಹೊರಟ. ಬೀರೂರು ದಾಟುತ್ತಲೇ ಕಾರು ನಿಲ್ಲಿಸಿ ಜಾಲಿ ಮರದ ಮರೆಗೆ ಹೋದ. ಅಜ್ಜಂಪುರ ಸಿಗುವ ಮೊದಲೇ ಇನ್ನೊಂದು ಮರ ಬೇಕಾಯಿತು. ನಾನು ಕಾರಿನಲ್ಲೇ ಕೂತು ಹಲ್ಲು ಕಡಿದೆ.

ಮಂಡಿಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದು, ಆಗಾಗ ಹೋಗಿಬರಲು ನಿಮಗೇನು ಕಷ್ಟ ಎಂದು ಅವಳನ್ನೇ ಕೇಳಿದ. ಸುತ್ತ ಹಮಾಲರು ನಿಂತಿದ್ದರು. ಅವಳು ತಲೆ ತಗ್ಗಿಸಿ ಈರುಳ್ಳಿ ಸಿಪ್ಪೆ ಕೆದಕತೊಡಗಿದಳು. ಗಂಡಸರಿಗೆ ಹಿಂದಿನ ಗೋಡೆಯಿದೆ, ಹೆಂಗಸರಿಗೆ ಏನೂ ಇಲ್ಲ ಎಂದು ನಾನೇ ಹೇಳಿದೆ. ಪಂಪು ಓಡುವ ಹೊತ್ತನ್ನು ರಾತ್ರಿಗೆ ಬದಲಿಸೋಣ, ಅವಳು ಮನೆಯಲ್ಲೇ ಇರುತ್ತಾಳೆ, ನಿದ್ದೆ ಕೆಟ್ಟರೆ ಕೆಡಲಿ ಎಂದೆ. ಅವನು ಒಪ್ಪಲಿಲ್ಲ. ಇವರು ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ಪಂಪು ತಾನಾಗಿ ಓಡುತ್ತದೆ, ಇಲ್ಲದಿದ್ದರೆ ತೆಗೆಸಬೇಕಾಗುತ್ತದೆ ಎಂದ.

ಆಗ ಅವಳು ತಲೆಯೆತ್ತಿದಳು.

“ಮನೇಲಿ ಕೂತ್ಕೊಳ್ಳೋಕೆ ಹೊಟ್ಟೆ ಯಾಕೆ ಕುಯ್ಸ್ಕೋಬೇಕಿತ್ತು ಸಾರ್? ಮೊದ್ಲೂ ಹಂಗೇ ಕೂತಿದ್ನಲ್ಲಾ.”

ಅವಳನ್ನು ನೋಡಿಕೊಳ್ಳುತ್ತಿದ್ದ ತರೀಕೆರೆಯ ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಅವರು ಒಪ್ಪಿದರು. ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲೇ ಪಂಪಿನ ಹೊತ್ತನ್ನು ರಾತ್ರಿಗೆ ಬದಲಿಸಿದೆ. ಮುಖ್ಯಸ್ಥನ ಅಪ್ಪಣೆ ಕೇಳಲಿಲ್ಲ.