ತೆಂಗಿನ ದಿಮ್ಮಿ ತೆಗೆಸುವ ಮುನಾಫ್

ಬೆಳಗಿನ ಆರು ಗಂಟೆ. ತುರುವೇಕೆರೆಯಿಂದ ಸಂಪಿಗೆಗೆ ಹೋಗುವ ದಾರಿಯ ತೋಟದ ಮನೆಯೊಂದರ ಅಂಗಳದಲ್ಲಿ ಮುನಾಫ್ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದಾರೆ. ಎದುರಿಗೆ ಅರವತ್ತು ವರ್ಷ ಹಳೆಯ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಅದರ ಹೊಟ್ಟೆ ನೆಲದಿಂದ ಒಂದು ಗೇಣೂ ಮೇಲಿಲ್ಲ. ಮುನಾಫ್ ಅದರತ್ತ ಇನ್ನೂ ತಿರುಗಿಲ್ಲ. ಹಿಮ್ಮಡಿಯಿಂದ ಮಣ್ಣು ಒತ್ತುತ್ತಾರೆ, ಮೆತ್ತಗಿರುವ ಕಡೆ ಬೆರಳಿನಿಂದ ಕೆದಕುತ್ತಾರೆ. ಅಡಿಯಿಂದ ನಾರಿನ ಪುಡಿ ಏಳುತ್ತದೆ.

‘ಇಲ್ಲಿ ಕಾಯಿ ಸುಲೀತಿದ್ರಾ?’

‘ಹೂಂ ಮುನಾಫಣ್ಣ, ನಮ್ಮಜ್ಜಿ ಕಾಲದಿಂದ’ ಎನ್ನುತ್ತಾರೆ ಕಾರಿನ ಒಡತಿ ಕೃತಿಕಾ.

‘ಹಂಗಾದ್ರೆ ಇಲ್ಲಿ ಬ್ಯಾಡ ಕಣಮ್ಮ. ಜಾಕಿ ಹೂತ್ಕಂಡು ವಾಲ್ತೈತೆ.’

ಮೂವರೂ ಸೇರಿ ಕಾರನ್ನು ಸಿಮೆಂಟಿನ ಕಣಕ್ಕೆ ನೂಕುತ್ತಾರೆ. ಮೂರನೆಯವರು ಕೃತಿಕಾ ಅವರ ದೊಡ್ಡಪ್ಪ ಸಣ್ಣತಿಮ್ಮಯ್ಯ. ನೂಕಿ ಮುಗಿದ ಮೇಲೆ ಅವರು ಕೊಟ್ಟಿಗೆಯಿಂದ ಮೊಣಕಾಲೆತ್ತರದ ಎರಡು ತೆಂಗಿನ ದಿಮ್ಮಿ ಹೊತ್ತು ತಂದು ದೊಪ್ಪನೆ ಇಳಿಸುತ್ತಾರೆ. ಕಳೆದ ತಿಂಗಳು ಕೃತಿಕಾ ಕಾರನ್ನು ಇದೇ ದಿಮ್ಮಿಗಳ ಮೇಲೆ ನಿಲ್ಲಿಸಿ, ಅಡಿಗೆ ತೆವಳಿ, ಎಣ್ಣೆ ಬದಲಾಯಿಸಿದ್ದರು. ಆ ಸುದ್ದಿ ಕೇಳಿಯೇ ಮುನಾಫ್ ಯಾರೂ ಕರೆಯದಿದ್ದರೂ ಬಂದಿದ್ದಾರೆ.

‘ನಮ್ಮನೆ ತೊಲೆ ತೆಂಗಿಂದೇ ಕಣ್ರೀ ಸಾಬ್ರೇ’ ಎನ್ನುತ್ತಾರೆ ಸಣ್ಣತಿಮ್ಮಯ್ಯ. ‘ಎಂಬತ್ತು ವರ್ಷದಿಂದ ಹೆಂಚು ಹೊತ್ಕಂಡೈತೆ. ಈ ಡಬ್ಬಿ ಕಾರು ಹೊರಾಕಿಲ್ವಾ?’

‘ತೊಲೆ ಮಲಗೈತೆ ಯಜಮಾನ್ರೇ. ಇದನ್ನ ನಿಲ್ಸಿದ್ದೀರಿ. ನಾರು ಮೇಲಿಂದ ಕೆಳಕ್ಕೆ ಐತೆ, ಭಾರ ಕೂತ್ರೆ ಸೌದೆ ಸೀಳ್ದಂಗೆ ಸೀಳ್ತೈತೆ.’ ಮುನಾಫ್ ಮಚ್ಚು ಕೇಳಿ ಪಡೆದು, ದಿಮ್ಮಿಯ ಕೊಯ್ದ ತಲೆಯ ನಟ್ಟನಡುವಿಗೆ ಅದರ ತುದಿ ಒತ್ತುತ್ತಾರೆ. ತುದಿ ಸಲೀಸಾಗಿ ಇಳಿಯುತ್ತದೆ. ‘ನೋಡ್ರಿ. ಹೊರಗೆ ಕಬ್ಬಿಣ, ಒಳಗೆ ರಸ್ಕು.’

ಮುನಾಫ್ ಅವರಿಗೆ ಐವತ್ತಾರು ವರ್ಷ. ಸ್ವಂತ ಅಂಗಡಿಯಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಲಾರಿಗಳ ಗ್ಯಾರೇಜಿನಲ್ಲಿ ಕಲಿತ ಕೆಲಸ. ಈಗ ಮೊಪೆಡ್ಡಿನ ಮೇಲೆ ಊರೂರು ತಿರುಗುತ್ತಾರೆ. ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿ ಒಂದು ಜಾಕಿ, ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ನಾಲ್ಕು ಕಬ್ಬಿಣದ ಸ್ಟ್ಯಾಂಡು, ಚಕ್ರಕ್ಕೆ ಕೊಡುವ ನಾಲ್ಕು ತಡೆ, ಎರಡು ಹಲಗೆ: ಎಲ್ಲ ಸೇರಿ ಅರವತ್ತು ಕಿಲೋ ಮೀರುತ್ತದೆ. ದಿನಕ್ಕೆ ಎರಡೋ ಮೂರೋ ಮನೆ, ನಲವತ್ತು ಕಿಲೋಮೀಟರ್ ದಾರಿ. ಫೋನಿನಲ್ಲಿ ವಿಡಿಯೊ ನೋಡಿ ಮನೆಯಲ್ಲೇ ರಿಪೇರಿಗೆ ಇಳಿಯುವವರು ಹೆಚ್ಚಾದಾಗಿನಿಂದ, ಗಾಡಿ ಎತ್ತಿ ನಿಲ್ಲಿಸುವುದನ್ನು ಕಲಿಸುವುದೂ ಅವರ ಕೆಲಸವಾಗಿದೆ. ಈವರೆಗೆ ಇಪ್ಪತ್ತೆರಡು ಮಂದಿ ಕಲಿತಿದ್ದಾರೆ. ಕೃತಿಕಾ ಇಪ್ಪತ್ತಮೂರನೆಯವರು.

ಈ ಹಟ ಎಲ್ಲಿಂದ ಬಂತು ಎಂದು ಕೇಳಿದರೆ ಮುನಾಫ್ ಸ್ಟ್ಯಾಂಡೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಚಿಂದಿ ಬಟ್ಟೆಯಲ್ಲಿ ಅದರ ತಲೆ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

ಹದಿನೇಳು ವರ್ಷದ ಹಿಂದಿನ ಮಾತು. ದಬ್ಬೇಘಟ್ಟದ ತೋಟವೊಂದರಲ್ಲಿ ಟೆಂಪೊ ಕೆಟ್ಟು ನಿಂತಿತ್ತು. ಮುನಾಫ್ ಜೊತೆಗೆ ಹೋದವರು ಅದೇ ಊರಿನ ಅಣ್ಣಯ್ಯ, ಗ್ಯಾರೇಜಿನ ಗೆಳೆಯ. ಜಾಕಿ ಒಂದೇ ಇತ್ತು. ತೋಟದಲ್ಲಿ ದಿಮ್ಮಿಗೇನು ಬರ. ಅಣ್ಣಯ್ಯ ಅಡಿಗೆ ಹೋದ ಹತ್ತು ನಿಮಿಷಕ್ಕೆ ದಿಮ್ಮಿ ಸೀಳಿತು. ಅಣ್ಣಯ್ಯ ಬದುಕಿದರು, ಸೊಂಟ ಉಳಿಯಲಿಲ್ಲ. ಇಂದಿಗೂ ಊರುಗೋಲಿಲ್ಲದೆ ನಾಲ್ಕು ಹೆಜ್ಜೆ ನಡೆಯಲಾರರು.

‘ದಿಮ್ಮಿ ಇಟ್ಟೋನು ನಾನೇ’ ಎನ್ನುತ್ತಾರೆ ಮುನಾಫ್.

ಶುಕ್ರವಾರದ ನಮಾಜು ಮುಗಿಸಿ ದಬ್ಬೇಘಟ್ಟಕ್ಕೆ ಹೋಗಿ ಅಣ್ಣಯ್ಯನ ಜಗುಲಿಯಲ್ಲಿ ಒಂದು ತಾಸು ಕೂತು ಬರುವುದು ಅಂದಿನಿಂದ ತಪ್ಪಿಲ್ಲ. ಮಳೆ, ಕಾಯಿ, ಬಸ್ಸು, ಎಲ್ಲದರ ಮಾತು ಬರುತ್ತದೆ. ಆ ದಿನದ ಮಾತು ಇಬ್ಬರ ಬಾಯಲ್ಲೂ ಬರುವುದಿಲ್ಲ. ‘ಒಂದಿನಾನೂ ಬೈದಿಲ್ಲ ಅವನು. ಬೈದಿದ್ರೆ ಸುಲಭ ಆಗೋದು ಕಣ್ರೀ.’

ಕಣದಲ್ಲಿ ಕೆಲಸ ಸಾಗುತ್ತಿದೆ. ತಗ್ಗಿನ ಕಾರಿನ ಕೆಳಗೆ ಜಾಕಿ ನುಗ್ಗುವುದಿಲ್ಲ, ಹಾಗಾಗಿ ಮುಂದಿನ ಚಕ್ರಗಳನ್ನು ಮೊದಲು ಹಲಗೆ ಹತ್ತಿಸುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆದರೂ ನಂಬುವುದಿಲ್ಲ. ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ತಡೆ. ಮುಂದಿನ ಚಕ್ರಗಳ ನಟ್ಟುಗಳನ್ನು ಜಾಕಿ ಎತ್ತುವ ಮುಂಚೆಯೇ ಸಡಿಲಿಸುತ್ತಾರೆ. ಆಮೇಲೆ ಬೆರಳಿನಿಂದ ಕಾರಿನ ತಳದ ತಗಡು ತಟ್ಟಿ ಕೃತಿಕಾಗೆ ಸದ್ದು ಕೇಳಿಸುತ್ತಾರೆ. ‘ಇದು ಹಪ್ಪಳ. ಇಲ್ಲಿ ಜಾಕಿ ಕೊಟ್ರೆ ನಿಮ್ಮ ಸೀಟಿಗೆ ಬತ್ತೈತೆ. ಎರಡು ಚಕ್ರದ ನಡುವೆ ಅಡ್ಡಕ್ಕೆ ಹೋಗೈತಲ್ಲ ದಪ್ಪ ಕಬ್ಬಿಣ, ಅಲ್ಲಿ ಕೊಡಿ. ಸ್ಟ್ಯಾಂಡು ಮಾತ್ರ ಪಕ್ಕದ ಈ ಉದ್ದ ಕಬ್ಬಿಣದ ಪಟ್ಟಿ ಕೆಳಗೆ.’

ಎತ್ತಿ, ಸ್ಟ್ಯಾಂಡಿನ ಮೇಲೆ ಇಳಿಸಿ, ಅಲುಗಾಡಿಸಿ ತೋರಿಸಿದ ಮೇಲೆ ಮುನಾಫ್ ಎಲ್ಲವನ್ನೂ ಬಿಚ್ಚಿ ಕಾರನ್ನು ಮತ್ತೆ ನೆಲಕ್ಕಿಳಿಸುತ್ತಾರೆ. ‘ಈಗ ನೀವು.’

‘ಕಾಲೇಜಿಗೆ ಹೊತ್ತಾಗುತ್ತೆ ಮುನಾಫಣ್ಣ.’ ಕೃತಿಕಾ ತುರುವೇಕೆರೆಯಲ್ಲಿ ಗಣಿತ ಕಲಿಸುತ್ತಾರೆ.

‘ಲೆಕ್ಕ ತಪ್ಪು ಮಾಡಿದ್ ಹುಡುಗರಿಗೆ ಇನ್ನೊಂದ್ಸಾರಿ ಮಾಡ್ಸಾಕಿಲ್ವಾ ನೀವು? ಅಲ್ಲಿ ರಬ್ಬರ್ ಐತೆ. ಇಲ್ಲಿ ಇಲ್ಲ.’

ಮುನಾಫ್ ಕಣದ ಅಂಚಿಗೆ ಹೋಗಿ, ಎರಡೂ ಕೈಗಳನ್ನು ತೊಡೆಯಡಿ ಇಟ್ಟು ಕೂರುತ್ತಾರೆ. ಕೃತಿಕಾ ಒಂದೊಂದನ್ನೇ ಮಾಡುತ್ತಾ ಹೋಗುತ್ತಾರೆ. ಹಲಗೆ, ತಡೆ, ನಟ್ಟು, ಜಾಕಿ. ಎಡಗಡೆಯ ಸ್ಟ್ಯಾಂಡು ಎರಡು ಬೆರಳಿನಷ್ಟು ಒಳಕ್ಕೆ, ತುಕ್ಕು ತಿಂದ ತಗಡಿನ ಕೆಳಗೆ ಹೋಗಿದೆ. ಅದು ಸಣ್ಣತಿಮ್ಮಯ್ಯನವರಿಗೂ ಕಾಣುತ್ತದೆ. ಅವರು ಬಾಯಿ ತೆರೆಯುವಷ್ಟರಲ್ಲಿ ಮುನಾಫ್ ತಮ್ಮ ತುಟಿಯ ಮೇಲೆ ಬೆರಳಿಡುತ್ತಾರೆ. ಆಕೆ ಅಡಿಗೆ ಬಗ್ಗಿದರೆ ಕೂಗಲು ಸಿದ್ಧವಾಗಿ ಅರ್ಧ ಎದ್ದಿದ್ದಾರೆ.

ಕೃತಿಕಾ ಬಗ್ಗುವುದಿಲ್ಲ. ಬಾನೆಟ್ಟಿನ ಪಕ್ಕಕ್ಕೆ ಎರಡೂ ಕೈ ಕೊಟ್ಟು ಕಾರನ್ನು ಜೋರಾಗಿ ಅಲುಗಿಸುತ್ತಾರೆ. ‘ಟಿಕ್’ ಎಂದು ಒಂದು ಸಣ್ಣ ಸದ್ದು. ನಿಂತು ಕೇಳುತ್ತಾರೆ. ಇನ್ನೊಮ್ಮೆ ಅಲುಗಿಸುತ್ತಾರೆ. ಮತ್ತೆ ‘ಟಿಕ್’. ಜಾಕಿ ಏರಿಸಿ, ಸ್ಟ್ಯಾಂಡನ್ನು ಪಟ್ಟಿಯ ಕೆಳಕ್ಕೆ ಸರಿಸಿ, ಇಳಿಸಿ, ಮತ್ತೆ ಅಲುಗಿಸುತ್ತಾರೆ. ಈಗ ಸದ್ದಿಲ್ಲ. ಮುಂದಿನ ಒಂದು ಚಕ್ರ ಬಿಚ್ಚಿ, ಸ್ಟ್ಯಾಂಡು ಜಾರಿದರೆ ಆಸರೆಗಿರಲೆಂದು ಅದನ್ನೂ ಕಾರಿನ ಪಕ್ಕೆಯಡಿ ಅಡ್ಡ ಮಲಗಿಸಿ, ಚಾಪೆ ಎಳೆದುಕೊಂಡು ಅಡಿಗೆ ಸರಿಯುತ್ತಾರೆ. ಹೊರಗೆ ಕಾಣುವುದು ಎರಡು ಪಾದ ಮಾತ್ರ.

ಮುನಾಫ್ ಎದ್ದು ಪ್ಯಾಂಟಿನ ಧೂಳು ಕೊಡವುತ್ತಾರೆ. ಸ್ಟ್ಯಾಂಡುಗಳನ್ನು ಒಂದು ವಾರದ ಮಟ್ಟಿಗೆ ಇಲ್ಲೇ ಬಿಟ್ಟು ಮೊಪೆಡ್ಡಿನ ಕಡೆ ನಡೆಯುತ್ತಾರೆ.

‘ಹುಡುಗಿ ಇನ್ನೂ ಕೆಳಗವಳೆ, ಹೊಂಟೇಬುಟ್ರಲ್ಲ ಸಾಬ್ರೇ?’ ಸಣ್ಣತಿಮ್ಮಯ್ಯನವರ ದನಿಯಲ್ಲಿ ಗೇಲಿ ಇಲ್ಲ.

‘ನಾನು ನಿಂತ್ಕಂಡಿದ್ದೀನಿ ಅಂತ ಕಾರು ನಿಲ್ಲಾಕಿಲ್ಲ ಯಜಮಾನ್ರೇ’ ಎನ್ನುತ್ತಾರೆ ಮುನಾಫ್, ಮೊಪೆಡ್ಡು ಚಾಲೂ ಮಾಡುತ್ತಾ. ‘ಸರಿಯಾಗಿ ನಿಲ್ಸಿದ್ರೆ ನಿಲ್ತೈತೆ. ನಿಲ್ಸವ್ರೆ.’