ಚಕ್ರದ ಮೇಲೆ ಒಲೆ, ನೆಲದ ಮೇಲೆ ಮನೆ

ಬೆಳಕು ಹರಿಯುವ ಮೊದಲೇ ಬ್ಯಾಡರಹಳ್ಳಿಯ ಈ ಅಡ್ಡರಸ್ತೆಯಲ್ಲಿ ಪಡ್ಡಿನ ಕಾವಲಿ ಚುಂಯ್ ಎನ್ನುತ್ತದೆ. ತಳ್ಳುಗಾಡಿಯ ಹಿಂದೆ ನಿಂತ ಬಸವರಾಜೇಶ್ವರಿ ಕಡ್ಡಿಯಿಂದ ಒಂದೊಂದೇ ಪಡ್ಡು ಮಗುಚುತ್ತಾರೆ. ಅವರ ಬೆನ್ನಿಗೇ ಅವರ ಮನೆ. ಮುಂಗೋಡೆಯ ನಡುಭಾಗಕ್ಕೆ ಮಾತ್ರ ಇನ್ನೂ ಬಣ್ಣ ಬಳಿದಿಲ್ಲ. ಹೋದ ವರ್ಷದವರೆಗೆ ಅಲ್ಲಿ ಅಂಗಡಿಯ ಶಟರ್ ಇತ್ತು.

"ಯಾಕಕ್ಕಾ, ಒಳಗೆ ಆರಾಮಾಗಿದ್ದೋರು ಬೀದಿಗೆ ಬಂದ್ರಿ?" ಗಿರಾಕಿಯೊಬ್ಬ ಕೇಳುತ್ತಾನೆ.

"ಮನೇನ ಮನೆ ಅನ್ನಿಸ್ಕೊಳ್ಳಾಕೆ. ಚಟ್ನಿ ಹಾಕ್ಲಾ?"

ಕೊಟ್ಟೂರು ಕಡೆಯವರಾದ ಇವರ ಗಂಡ ಕೊಟ್ರೇಶ್ ಸೇನೆಯಲ್ಲಿ ಹವಾಲ್ದಾರ್ ಆಗಿದ್ದರು. ನಿವೃತ್ತಿಯ ಹಣದಲ್ಲಿ ಈ ಮನೆ ಕಟ್ಟಿಸಿದರು. ಗೃಹಪ್ರವೇಶವಾಗಿ ವರ್ಷ ತುಂಬುವ ಮೊದಲೇ ತೀರಿಕೊಂಡರು. ಆಮೇಲೆ ಹೊಟ್ಟೆಪಾಡಿಗೆ ಇವರು ಮನೆಯ ಮುಂದಿನ ಕೋಣೆಯಲ್ಲೇ ಪಡ್ಡಿನ ಹೋಟೆಲು ಇಟ್ಟರು. ಮಾಜಿ ಸೈನಿಕರ ಪತ್ನಿ ಸ್ವಂತ ವಾಸಕ್ಕೆ ಇಟ್ಟುಕೊಂಡ ಮನೆಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆಂದು ತಿಳಿದು ಬಸವರಾಜೇಶ್ವರಿ ಅರ್ಜಿ ಹಾಕಿದರು. ಪರಿಶೀಲನೆಗೆ ಬಂದ ಅಧಿಕಾರಿ ಶೂ ಹಾಕಿಕೊಂಡೇ ಮುಂದಿನ ಕೋಣೆಗೆ ನಡೆದರು. ಒಲೆ, ಬೆಂಚು ನೋಡಿದರು. ಇದು ಹೋಟೆಲು, ರಿಯಾಯಿತಿ ಇಲ್ಲ ಎಂದರು.

"ನಮ್ಮೆಜಮಾನ್ರು ಹಿಮದಾಗೆ ನಿಂತು ದುಡಿದು ಕಟ್ಟಿದ ಮನೆ ಸಾರ್. ಹೋಟ್ಲು ಅಂದ್ಬಿಟ್ರು!" ಎಂದು ಬಸವರಾಜೇಶ್ವರಿ ನನ್ನೆದುರು ಈಗಲೂ ಸಿಡುಕುತ್ತಾರೆ.

ಎದುರು ಮನೆಯ ಕೆಂಪಯ್ಯ ಸುಲಭದ ದಾರಿ ಹೇಳಿಕೊಟ್ಟರು. "ಅವ್ರು ಬರೋ ದಿನ ಶಟರ್ ಎಳೆದು ಬೀಗ ಹಾಕಮ್ಮ. ಯಾರಿಗೆ ಗೊತ್ತಾಗುತ್ತೆ?"

"ರಿಯಾಯ್ತಿ ಕದ್ದು ತಗೊಳ್ಳಾಕೆ ಅದೇನು ಕಳ್ಳಮಾಲಾ?" ಎಂದ ಈಕೆ ಮರುದಿನವೇ ಗಾರೆಯವರನ್ನು ಕರೆಸಿದರು. ಶಟರ್ ಗುಜರಿಗೆ ಹೋಯಿತು. ಗೋಡೆ ಎದ್ದಿತು. ಅದರ ಖರ್ಚಿಗೆ ಹಲವು ವರ್ಷಗಳ ರಿಯಾಯಿತಿಯೂ ಸಾಲದು. ಕೆಂಪಯ್ಯ ಇಂದಿಗೂ ಅದನ್ನೇ ಹೇಳಿ ಕಾಡಿಸುತ್ತಾರೆ, ಬಾಯ್ತುಂಬ ಪಡ್ಡು ಇಟ್ಟುಕೊಂಡು. ಕೂತು ತಿನ್ನುತ್ತಿದ್ದ ಗಿರಾಕಿಗಳಲ್ಲಿ ಅರ್ಧ ಜನ ಈಗ ಬರುವುದಿಲ್ಲ. ಮಳೆ ಬಂದರೆ ವ್ಯಾಪಾರವಿಲ್ಲದೆ ಹಿಟ್ಟು ಉಳಿದು ಹುಳಿಯಾಗುತ್ತದೆ.

ಕಳೆದ ವಾರ ಅದೇ ಅಧಿಕಾರಿ ಇವರು ಹಾಕಿದ ಹೊಸ ಅರ್ಜಿ ಹಿಡಿದು ಬಂದಿದ್ದರು. ಗಾಡಿ ಕಂಡು ಹುಬ್ಬೇರಿಸಿದರು. "ವ್ಯಾಪಾರ ಇನ್ನೂ ನಡೀತಾ ಇದೆಯಲ್ಲಮ್ಮ?"

"ಗಾಡಿಗೆ ಚಕ್ರ ಐತೆ ಸಾರ್, ಮನೆಗಿಲ್ಲ. ನೀವು ನೋಡಾಕೆ ಬಂದಿದ್ದು ಮನೆ. ಒಳಗೆ ಬರ್ರಿ."

ಹಳೆಯ ಹೋಟೆಲು ಕೋಣೆಯಲ್ಲಿ ಈಗ ಒಂದು ಮಂಚ, ಗೋಡೆಯ ಮೇಲೆ ಸಮವಸ್ತ್ರದಲ್ಲಿರುವ ಕೊಟ್ರೇಶ್ ಚಿತ್ರ. ಅಧಿಕಾರಿ ನೋಡಿ, ಬರೆದುಕೊಂಡು ಹೋದರು. ಆದೇಶ ಇನ್ನೂ ಬಂದಿಲ್ಲ. ಬರದಿದ್ದರೆ?

"ಮತ್ತೆ ಅರ್ಜಿ ಹಾಕ್ತೀನಿ, ಮತ್ತೆ ಕರೀತೀನಿ," ಎನ್ನುತ್ತ ಬಸವರಾಜೇಶ್ವರಿ ಕಾವಲಿಗೆ ಎಣ್ಣೆ ಬಿಡುತ್ತಾರೆ. "ಆದ್ರೆ ಒಂದು ನೋಡ್ದೆ ಸಾರ್. ಈ ಸಲ ಅವ್ರು ಶೂ ಹೊರಗೇ ಬಿಚ್ಚಿಟ್ಟು ಒಳಗೆ ಬಂದ್ರು."