ಮೂರನೇ ಸಲ ಕೇಳುವ ಊರು

ಪಾದ್ರಿಗಳು ಪ್ರಾರ್ಥನೆ ಹೇಳಿಸುತ್ತಿದ್ದಾಗಲೇ ಬ್ರಿಟಾ ಟ್ವೈಟ್‌ಳ ಕೋಟಿನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಕಾಲೇಜಿನ ಮೊದಲ ಸೆಮಿಸ್ಟರಿನ ಗ್ರೇಡುಗಳು ಬಂದಿದ್ದವು. ಕಂಪ್ಯೂಟರಿಗೆ ಭಾನುವಾರವೇನು, ಕ್ರಿಸ್‌ಮಸ್ಸಿನ ವಾರವೇನು! ಎಲ್ಲರೂ ತಲೆ ತಗ್ಗಿಸಿ ಕೂತದ್ದನ್ನು ನೋಡಿಕೊಂಡು ಹುಡುಗಿ ಕದ್ದು ಫೋನು ತೆರೆದಳು. ಇಂಗ್ಲಿಷಿಗೆ ಎ. ಬಯಾಲಜಿಗೆ ಎ. ಕೆಮಿಸ್ಟ್ರಿಗೆ ಸಿ ಪ್ಲಸ್.

ಮೆಡಿಕಲ್ ಕಾಲೇಜಿನ ಆಸೆ ಇಟ್ಟುಕೊಂಡವರಿಗೆ ಕೆಮಿಸ್ಟ್ರಿಯ ಸಿ ಪ್ಲಸ್ ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಡಿಗ್ರಿ ಮುಗಿಸಿ ಸೀಟು ಕೇಳಲು ಹೋದಾಗಲೂ ಅದು ಹಾಗೇ ಕೂತಿರುತ್ತದೆ. ಒರೆಸಿದರೆ ಹೋಗುವ ಕಲೆಯಲ್ಲ ಅದು.

ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಕಾಫಿಗೆಂದು ಚರ್ಚಿನ ನೆಲಮಾಳಿಗೆಗೆ ಇಳಿದರು. ಅಲ್ಲಿ ಇನ್ನೊಂದು ಕಾಟ. ಉತ್ತರ ಮಿನೆಸೋಟದ ನಮ್ಮೂರಿನ ಆಸ್ಪತ್ರೆಗೆ ಬೀಗ ಬಿದ್ದು ವರ್ಷಗಳಾದವು. ಹಿಮ ಸುರಿಯುವ ದಿನ ಎದೆನೋವು ಬಂದರೆ ದೇವರೇ ಗತಿ. ಬ್ರಿಟಾಳ ತಾತ ಹೋದದ್ದೂ ಹಾಗೆಯೇ. ಪಟ್ಟಣದ ಆಸ್ಪತ್ರೆಯ ಅರ್ಧ ದಾರಿಯಲ್ಲಿ, ಕಾರಿನೊಳಗೆ, ಅವಳ ತೊಡೆಯ ಮೇಲೆ ತಲೆಯಿಟ್ಟು. ಅವರ ಮಣ್ಣು ಮುಗಿಸಿ ಬಂದ ದಿನ ಹುಡುಗಿ ತಾನು ಡಾಕ್ಟರಾಗುತ್ತೇನೆ ಎಂದಳು. ಅಂದದ್ದೇ ತಡ, ಊರಿನವರು ಅವಳನ್ನು ಡಾಕ್ಟರು ಮಾಡಿಯೇಬಿಟ್ಟರು. ಈಗ ಒಬ್ಬ ಮುದುಕ ಪ್ಯಾಂಟು ಮಡಚಿ ಊದಿದ ಮಂಡಿ ತೋರಿಸಿದ, ಇನ್ನೊಬ್ಬಾಕೆ ನಾಲಿಗೆ ಚಾಚಿ ನಿಂತಳು. ಹುಡುಗಿ ಇನ್ನೂ ಅಣು ಪರಮಾಣುವಿನಲ್ಲೇ ಮುಗ್ಗರಿಸಿ ಬಿದ್ದಿದ್ದಾಳೆಂದು ಇವರಿಗೆ ಹೇಳುವವರು ಯಾರು? ಬ್ರಿಟಾ ಎಲ್ಲದಕ್ಕೂ ತಲೆಯಾಡಿಸಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಗೆ ಓಡಿದಳು.

ಆ ವಾರವೆಲ್ಲ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದಳು. ತಮ್ಮ ಮನೆಯ ಮುಂದಿನ ಹಿಮ ಎತ್ತಿದ್ದು ಸಾಲದೆಂದು ಅಕ್ಕಪಕ್ಕದ ಮನೆಗಳ ಹಿಮವನ್ನೂ ಎತ್ತಿ ಹಾಕಿದಳು. ಗಳಿಗೆಗೊಮ್ಮೆ ಫೋನು ತೆರೆದು, ಗ್ರೇಡೇನಾದರೂ ಬದಲಾಗಿದೆಯೋ ಎಂದು ನೋಡುವಳು. ಎಲ್ಲಿ ಬದಲಾಗುತ್ತದೆ? ಮಗಳು ಹೀಗೆ ಸುತ್ತುವುದನ್ನು ನೋಡಿ ನೋಡಿ ತಲೆ ತಿರುಗಿದಂತಾಗಿ, ಅವಳ ತಾಯಿ ಜೋಲೀನ್ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಹಿಡಿದು ಕೂರಿಸಿ ಕೇಳಿದಳು. ಎಲ್ಲವೂ ಹೊರಗೆ ಬಿತ್ತು.

ಆದದ್ದಿಷ್ಟು. ಅಕ್ಟೋಬರಿನ ದೊಡ್ಡ ಪರೀಕ್ಷೆಯ ದಿನ ಬ್ರಿಟಾಗೆ ಮೈ ಸುಡುವ ಜ್ವರ. ಜ್ವರ ಅಂತ ಹೇಳಿಕೊಂಡು ಊರಿಗೆಲ್ಲ ತೊಂದರೆ ಕೊಡುವುದೇ? ಹಲ್ಲು ಕಚ್ಚಿ ಬರೆದಳು, ಪೂರ್ತಿ ಕೆಟ್ಟಿತು. ಉತ್ತರ ಪತ್ರಿಕೆ ಕೊಡುವಾಗ ಅವಳ ಹಣೆಯಿಂದ ಬೆವರಿಳಿಯುತ್ತಿದ್ದುದನ್ನು ಕಂಡ ಪ್ರೊಫೆಸರ್ ವೆಕ್ಸ್‌ಲರ್, ಸೋಮವಾರ ಬಂದು ಇನ್ನೊಮ್ಮೆ ಬರೆಯುತ್ತೀಯಾ ಎಂದು ತಾವಾಗಿಯೇ ಕೇಳಿದರು. ಬೇಡ ಮೇಡಂ, ನಿಮಗ್ಯಾಕೆ ತೊಂದರೆ ಎಂದಳು ಬ್ರಿಟಾ. ಸರಿ, ನಿನ್ನಿಷ್ಟ ಎಂದು ಅವರು ಚೀಲದ ಜಿಪ್ ಎಳೆದರು. ಅಷ್ಟೇ.

ಬೇರೆ ಊರಿನವರು ನಗಬಹುದು. ನಮ್ಮಲ್ಲಿ ಕಾಫಿ ಕೊಡುತ್ತೇವೆಂದರೂ ಮೊದಲು ಬೇಡ ಅನ್ನಬೇಕು. ಎರಡನೇ ಸಲಕ್ಕೆ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲ ಬಲವಂತ ಮಾಡಿದ ಮೇಲೆ, ಹಾಗಾದರೆ ಅರ್ಧ ಲೋಟ ಅನ್ನಬೇಕು. ಮೊದಲ ಸಲಕ್ಕೇ ಕೈ ಚಾಚಿದವರು ಹೊಟ್ಟೆಬಾಕರು. ಮೂರು ಸಲ ಕೇಳದವರು ಜಿಪುಣರು. ಹಾಲು ಕುಡಿಯುವ ವಯಸ್ಸಿನಿಂದ ಮೈಗೂಡಿದ ಈ ಸಂಕೋಚ ಪರೀಕ್ಷೆಯ ಕೋಣೆಗೆ ಬರುವಾಗ ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬರುವಂಥದ್ದೇ?

"ಇರ್ಲಿ ಬಿಡು, ಇನ್ನೂ ಕೆಟ್ಟದಾಗ್ಬೋದಿತ್ತು," ಎಂದಳು ಜೋಲೀನ್. ಮನೆಗೆ ಬೆಂಕಿ ಬಿದ್ದರೂ ನಮ್ಮವರು ಅನ್ನುವುದು ಇಷ್ಟೇ. ಆದರೆ ಅಜ್ಜಿ ಮಾರ್ಲಿಸ್ ಸುಮ್ಮನಿರುವ ಪೈಕಿಯಲ್ಲ.

"ಎರಡನೇ ಸಲ ಕೇಳ್ಲೇ ಇಲ್ವೇನೇ ಅವ್ಳು?"

"ಇಲ್ಲ ಅಜ್ಜಿ."

"ಎಂಥಾ ಹೆಂಗಸೇ! ನಮ್ಮನೇಲಿ ನಾಯಿಗೂ ಎರಡು ಸಲ ಕೇಳ್ತೀವಿ."

ಜನವರಿಯಲ್ಲಿ ಕಾಲೇಜಿನ ಸಲಹೆಗಾರ್ತಿ ಖಂಡತುಂಡವಾಗಿ ಹೇಳಿದಳು: ಎರಡನೇ ಸೆಮಿಸ್ಟರಿನ ಕೆಮಿಸ್ಟ್ರಿ ಬಿಡುವುದಾದರೆ ಈ ಶುಕ್ರವಾರದೊಳಗೆ ಬಿಡು, ಬಿಟ್ಟರೆ ಮೆಡಿಕಲ್ ಮಾತು ಮರೆತುಬಿಡು, ಇಟ್ಟುಕೊಂಡು ಇನ್ನೊಂದು ಸಿ ತಂದರೂ ಮರೆತುಬಿಡು. ಬ್ರಿಟಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕಾರಿಡಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು ನಡೆದು ಕೊನೆಗೆ ಬಿಡುವುದೆಂದೇ ತೀರ್ಮಾನಿಸಿದಳು. ಅದನ್ನೂ ಪಾಠ ಹೇಳುವವರು ಅದೇ ವೆಕ್ಸ್‌ಲರ್. ಹೇಳದೆ ಕೇಳದೆ ಬಿಟ್ಟರೆ ಮರ್ಯಾದೆಯಲ್ಲ ಎಂದು ಅವರ ಕೋಣೆಗೆ ಹೋದಳು. ಕೈಯಲ್ಲಿ ಅಜ್ಜಿ ಕೊಟ್ಟು ಕಳಿಸಿದ ಡಬ್ಬಿ, ಅದರ ತುಂಬ ಸುರುಳಿ ಸುತ್ತಿದ ನಾರ್ವೆ ಕಡೆಯ ಕ್ರುಮ್‌ಕಾಕೆ ಬಿಸ್ಕತ್ತು. ಆ ಹೆಂಗಸಿಗೆ ಮೂರು ಸಲ ಕೇಳಿ ಕೊಡು, ನೋಡಿಯಾದರೂ ಕಲಿಯಲಿ ಎಂದು ಅಜ್ಜಿಯ ಅಪ್ಪಣೆಯಾಗಿತ್ತು.

ವೆಕ್ಸ್‌ಲರ್ ನ್ಯೂಯಾರ್ಕಿನವರು. ರೈಲು ತಪ್ಪಿಹೋಗುತ್ತದೆ ಎಂಬಂತೆ ಮಾತಾಡುವವರು. "ಬೇಡಮ್ಮ, ಸಿಹಿ ತಿನ್ನಲ್ಲ ನಾನು," ಎಂದರು.

"ಒಂದೇ ಒಂದು ಮೇಡಂ. ಅಜ್ಜಿ ಮಾಡಿದ್ದು."

"ಬೇಡ ಅಂದ್ನಲ್ಲ."

"ಅರ್ಧನಾದ್ರೂ ತಗೊಳ್ಳಿ ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ಬೇಡ ಅಂದ್ರೆ ನಿಮ್ಮ ಕಡೆ ಬೇಡ ಅಂತ ಅಲ್ವಾ?"

"ಮೂರನೇ ಸಲಾನೂ ಬೇಡ ಅಂದ್ರೆ ಬೇಡ ಅಂತ. ಮೊದಲನೇದು ಸುಮ್ನೆ ಮರ್ಯಾದೆಗೆ."

ವೆಕ್ಸ್‌ಲರ್ ಜೋರಾಗಿ ನಕ್ಕರು. ಆ ನಗು ಅರ್ಧದಲ್ಲೇ ನಿಂತಿತು. ಹುಡುಗಿಯ ಮುಖವನ್ನೇ ನೋಡಿದರು. "ಅಕ್ಟೋಬರಲ್ಲಿ ಮತ್ತೆ ಬರೀತೀಯಾ ಅಂತ ಕೇಳಿದ್ದೆ ನಿನ್ನ."

ಬ್ರಿಟಾ ಡಬ್ಬಿಯ ಮುಚ್ಚಳ ನೋಡುತ್ತ ಹೇಳಿದಳು: "ಬಾಗಿಲ ಹತ್ರ ಸ್ವಲ್ಪ ಹೊತ್ತು ನಿಂತಿದ್ದೆ ಮೇಡಂ."

"ನೋಡ್ದೆ. ಬೂಟಿನ ದಾರ ಕಟ್ಕೊಳ್ತಿದೀಯ ಅಂದ್ಕೊಂಡೆ."

ಆಮೇಲೆ ವೆಕ್ಸ್‌ಲರ್ ಮುಚ್ಚುಮರೆಯಿಲ್ಲದೆ ಹೇಳಿದರು, ಕೊಟ್ಟ ಗ್ರೇಡು ಇನ್ನು ಬದಲಾಗುವುದಿಲ್ಲ, ನಿಯಮ ಬಿಡುವುದಿಲ್ಲ, ತಾನು ಕೈ ಮುಗಿದರೂ ಬಿಡುವುದಿಲ್ಲ ಎಂದು. ಬ್ರಿಟಾಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ತನ್ನ ಮೇಲೆ, ಊರಿನ ಆ ಹಾಳು ಸಂಕೋಚದ ಮೇಲೆ, ಅರ್ಧ ಲೋಟ ಕಾಫಿಗೆ ಮೂರು ಸಲ ಹೊಯ್ದಾಡುವ ಆ ಇಡೀ ನೆಲಮಾಳಿಗೆಯ ಮೇಲೆ. ಎರಡನೇ ಕೆಮಿಸ್ಟ್ರಿ ಬಿಡುತ್ತಿದ್ದೇನೆಂದು ಹೇಳಿ ಎದ್ದಳು.

"ಕೂತ್ಕೋ," ಎಂದರು ವೆಕ್ಸ್‌ಲರ್. "ಗುರುವಾರ ಮಧ್ಯಾಹ್ನ ನಾಲ್ಕೈದು ಜನಕ್ಕೆ ಇಲ್ಲೇ ಕೂರಿಸ್ಕೊಂಡು ಪಾಠ ಹೇಳ್ತೀನಿ. ಒಂದು ಜಾಗ ಇದೆ. ಕೆಮಿಸ್ಟ್ರಿ ಬಿಡ್ದೆ ಬರ್ತೀಯಾ? ನಾನು ಒಂದೇ ಸಲ ಕೇಳೋಳು, ಗೊತ್ತಲ್ಲ."

ಬೇಡ ಮೇಡಂ, ನಿಮಗ್ಯಾಕೆ ತೊಂದರೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಕಾರಿನ ಹಿಂದಿನ ಸೀಟು ನೆನಪಾಯಿತು, ತೊಡೆಯ ಮೇಲಿನ ತಲೆಯ ಭಾರ ನೆನಪಾಯಿತು. ಬ್ರಿಟಾ ಆ ಮಾತನ್ನು ನುಂಗಿದಳು.

"ಬರ್ತೀನಿ," ಎಂದಳು.

ಊರಿನವರೆಲ್ಲರ ಎದುರು ತಟ್ಟೆಯಲ್ಲಿದ್ದ ಕೇಕಿನ ದೊಡ್ಡ ತುಂಡಿಗೆ ಮೊದಲು ಕೈ ಹಾಕಿದವಳ ಹಾಗೆ ಅವಳ ಕಿವಿಯ ತುದಿಯವರೆಗೂ ಕೆಂಪೇರಿತು. ವೆಕ್ಸ್‌ಲರ್ ಎರಡನೇ ಸಲ ಕೇಳಲಿಲ್ಲ. ಗುರುವಾರದವರ ಹೆಸರುಗಳ ಕೆಳಗೆ ಅವಳ ಹೆಸರು ಬರೆದುಕೊಂಡರು.